ಮಾವನಿಗಾಗಿ ಹಸುವಿಲ್ಲದ ಹಾಲು

"ಇಂದಿನಿಂದ ಈ ಅಡುಗೆಮನೆಯ ಸಂಪೂರ್ಣ ಅಧಿಕಾರ ನನ್ನದು!"

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಅವಳು ನರ್ಸು. ಜ್ವರ ನೆತ್ತಿಗೇರಿದವರ ಬಡಬಡಿಕೆ ದಿನವೂ ಕೇಳಿ ಪಳಗಿದ ಕಿವಿ ಅದು. ತಲೆ ಎತ್ತಲೂ ಇಲ್ಲ.

"ಒಲೆ ಹಚ್ಚೋಕೆ ಗುಂಡಿ ಯಾವ ಕಡೆ ತಿರುಗಿಸಬೇಕು ಅಂತ ಗೊತ್ತಾ?"

"ಏನಂದ್ಕೊಂಡಿದ್ದೀಯ ನನ್ನನ್ನ? ಊರಿಗೆಲ್ಲ ಕಾರು ಕಲಿಸೋ ಮನುಷ್ಯ ನಾನು! ಎಡ ಯಾವುದು ಬಲ ಯಾವುದು ಗೊತ್ತಿಲ್ಲದವರನ್ನ ಹೆದ್ದಾರಿಗೆ ಹತ್ತಿಸಿದ್ದೀನಿ. ಒಂದು ಒಲೆ ನನಗೆ ಯಾವ ಲೆಕ್ಕ?"

"ಕಾರಲ್ಲಿ ನಿಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಲ್ಲ, ಅದಕ್ಕೆ ಬದುಕಿದ್ದೀರಿ. ಒಲೆಗೆ ಅದಿಲ್ಲ," ಎಂದು ಅವಳು ಚೀಲ ಹೆಗಲಿಗೇರಿಸಿದಳು.

ಮಾತು ನಿಜವೇ. ಆದರೆ ಹೆಂಡತಿ ಆಡಿದ ನಿಜವನ್ನು ಆಗಿಂದಾಗಲೇ ಒಪ್ಪಿಕೊಳ್ಳುವ ಗಂಡ ಇನ್ನೂ ಯಾವ ಹೊಟ್ಟೆಯಲ್ಲೂ ಹುಟ್ಟಿಲ್ಲ. ನಾನು ಏಪ್ರನ್ ಬಿಗಿದೆ.

ನನ್ನ ಈ ಪಟ್ಟಾಭಿಷೇಕಕ್ಕೆ ಕಾರಣ ನನ್ನ ಮಾವ. ಬದುಕೆಲ್ಲ ಹಾಲು ಮಾರಿದವರು. ಹಿಂದೆ ಕೊಟ್ಟಿಗೆ, ಮುಂದೆ ಹಾಲಿನ ಅಂಗಡಿ, ನಡುವೆ ಮನೆ. ಕರೆಯುವುದು ಅವರು, ಅಳೆದು ಕೊಡುವುದು ಅತ್ತೆ. ಹೀಗೇ ಇಬ್ಬರೂ ಮುದುಕರಾದರು. ಅತ್ತೆ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ತೀರಿಕೊಂಡರು. ಮಾವ ಹಸುಗಳನ್ನು ಬೇರೆಯವರ ಕೈಗೆ ಹಗ್ಗ ಸಮೇತ ಕೊಟ್ಟು, ಅಂಗಡಿಗೆ ಬೀಗ ಹಾಕಿ, ಒಂದು ಟ್ರಂಕು ಹಿಡಿದುಕೊಂಡು ಎರಡು ಕೋಣೆಯ ನಮ್ಮ ಮನೆಗೆ ಬಂದರು.

ಬಂದ ದಿನ ಮಗಳು ಕಾಫಿ ತಂದುಕೊಟ್ಟಳು. ಮಾವ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಹಾಲು ಬೇಡ ಮಗಳೇ."

"ಹೊಟ್ಟೆ ಸರಿ ಇಲ್ವಾ ಅಪ್ಪಾ?"

"ಸರಿ ಇದೆ. ಇನ್ಮೇಲೆ ಬೇಡ, ಅಷ್ಟೆ."

ಹಾಲಿನ ಹಿಂದೆ ಮೊಸರು ಹೋಯಿತು. ಮೊಸರಿನ ಹಿಂದೆ ಬೆಣ್ಣೆ, ತುಪ್ಪ. ಆಮೇಲೆ ಮೊಟ್ಟೆ, ಮಾಂಸ. ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಹುಟ್ಟಿದಾಗಿನಿಂದ ಅವುಗಳ ಹತ್ತಿರ ತಗೊಂಡಿದ್ದೇ ಆಯ್ತು ಅಳಿಯಂದ್ರೇ, ಸಾಕು," ಎಂದರು. ಮತ್ತೆ ಕೇಳಲು ಧೈರ್ಯವಾಗಲಿಲ್ಲ. ಮಗಳಂತೂ ಕೇಳಲೇ ಇಲ್ಲ. ಅತ್ತೆ ಹೋದ ಮಧ್ಯಾಹ್ನ ಅವಳು ಡ್ಯೂಟಿಯಲ್ಲಿದ್ದಳು. ಯಾರದೋ ತಾಯಿಗೆ ಡ್ರಿಪ್ ಹಾಕುತ್ತಿದ್ದಾಗ ಫೋನು ಬಂತು; ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಅಪ್ಪ ಮಗಳು ಅತ್ತೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ದಿನಕ್ಕೆ ಇಷ್ಟೇ ಮಾತು:

"ಅಪ್ಪಾ, ಮಾತ್ರೆ ತಗೊಂಡ್ಯಾ?"

"ಹ್ಞೂಂ. ನೀನು ಊಟ ಮಾಡ್ದ್ಯಾ?"

"ಹ್ಞೂಂ."

ಇಬ್ಬರದೂ ಸುಳ್ಳು.

ಮಾವ ಸೊರಗುತ್ತ ಹೋದರು. ಅಂಗಿಯ ಕೊರಳ ಗುಂಡಿ ಹಾಕಿಕೊಂಡರೂ ಒಳಗೆ ಇನ್ನೊಂದು ಕೊರಳು ತೂರಿಸುವಷ್ಟು ಜಾಗ! ಬೆಳಕು ಹರಿಯುವ ಮೊದಲೇ ಎದ್ದು ಬಾಲ್ಕನಿಯ ಕುರ್ಚಿಯಲ್ಲಿ ಕೂರುತ್ತಿದ್ದರು. ಮಂಡಿಯ ಮೇಲಿಟ್ಟ ಕೈಬೆರಳುಗಳು ಕೆಚ್ಚಲು ಹಿಡಿದಂತೆ ತಾವಾಗಿಯೇ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಮಾಡುತ್ತಿದ್ದವು. ಅವರಿಗೆ ಅದು ಗೊತ್ತೂ ಇರಲಿಲ್ಲ. ಒಂದು ಸಂಜೆ ನಾನು ನೀರು ಕುಡಿಯಲು ಹೋದರೆ, ಹೆಂಡತಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಪಕ್ಕದಲ್ಲಿ ಮಾವ ಮುಟ್ಟದೆ ಬಿಟ್ಟ ತಟ್ಟೆ. ನಲ್ಲಿಯ ಸದ್ದು ಅಳುವನ್ನು ಮುಚ್ಚುತ್ತದೆ ಎಂದುಕೊಂಡಿದ್ದಳು. ಬೆನ್ನು ಅಲುಗುವುದನ್ನು ಯಾವ ನಲ್ಲಿ ಮುಚ್ಚೀತು?

ನಾನು ನೀರು ಕುಡಿಯದೆ ವಾಪಸು ಬಂದೆ. ಮರುದಿನವೇ ಘೋಷಣೆ ಹೊರಬಿತ್ತು.

ನನ್ನ ಗುರು ಮೊಬೈಲಿನೊಳಗಿದ್ದಳು. ಕನ್ನಡಿಯಂತೆ ಹೊಳೆಯುವ ಅಡುಗೆಮನೆಯಲ್ಲಿ ನಿಂತು, "ವೀಗನ್ ಅಡುಗೆ! ಅಗ್ಗ! ಸುಲಭ! ಯಾರು ಬೇಕಾದ್ರೂ ಮಾಡಬಹುದು!" ಎಂದು ನಗುವ ಹುಡುಗಿ. ಆ 'ಯಾರು ಬೇಕಾದ್ರೂ' ಎಂಬ ಗುಂಪಿನಲ್ಲಿ ನಾನೂ ಇದ್ದೇನೆಂದು ನಂಬಿದ್ದೇ ಮೊದಲ ಅಪಘಾತ. ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ಇಷ್ಟೆಲ್ಲ ಇಲ್ಲದ ಮೇಲೆ ಕಷ್ಟವಾದರೂ ಎಲ್ಲಿಂದ ಬರಬೇಕು!

ಮೊದಲ ದಿನ ಕಾಬೂಲಿ ಕಡಲೆ. ಅದನ್ನು ಹಿಂದಿನ ದಿನವೇ ನೆನೆಹಾಕಬೇಕು ಎಂದು ಆ ಹುಡುಗಿ ಹೇಳಿದ್ದಳಂತೆ. ನಾನು ಆ ಭಾಗವನ್ನು ಜಾಹೀರಾತೆಂದು ತಿಳಿದು ಓಡಿಸಿಬಿಟ್ಟಿದ್ದೆ. ಕುಕ್ಕರು ಕೂಗಿತು, ಕೂಗಿತು, ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತು. ಕಡಲೆ ಮಾತ್ರ ಜಪ್ಪಯ್ಯ ಅಂದರೂ ಬೇಯಲಿಲ್ಲ. ಟೊಮೆಟೊ, ಈರುಳ್ಳಿ ಕರಗಿ ಎಲ್ಲಿ ಹೋದವೋ. ಕೆಂಪು ನೀರಿನಲ್ಲಿ ಕಡಲೆಗಳು ಕಣ್ಣು ಬಿಟ್ಟುಕೊಂಡು ತೇಲುತ್ತಿದ್ದವು. ಅನ್ನದ ಮೇಲೆ ಸುರಿದು ಮಾವನ ಮುಂದಿಟ್ಟೆ.

ಮಾವ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡರು. ಕಟಕ್ಕೆಂದಿತು. ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗಿಟ್ಟು, ಹಲ್ಲು ಸ್ವಸ್ಥಾನದಲ್ಲಿದೆಯೇ ಎಂದು ನಾಲಿಗೆಯಿಂದ ಮುಟ್ಟಿ ನೋಡಿಕೊಂಡರು.

"ಇದಕ್ಕೇನಂತಾರೆ ಅಳಿಯಂದ್ರೇ?"

"ವೀಗನ್ ಊಟ ಮಾವ!"

"ಗನ್ನಾ?" ಕಾಳನ್ನು ಬೆರಳಿನಿಂದ ಉರುಳಿಸಿದರು. "ಹಾಗಾದ್ರೆ ಇವು ಗುಂಡುಗಳು."

ನನ್ನ ಹೆಂಡತಿಯ ತುಟಿ ಒಂದಿಷ್ಟು ಅಲುಗಿತು. ನಗು ಬಂತೇ ಎಂದು ನೋಡಿದೆ. ಬಾಗಿಲವರೆಗೆ ಬಂದು ವಾಪಸು ಹೋಯಿತು. ಮಾವ ಬರೀ ಅನ್ನವನ್ನು ಎರಡು ತುತ್ತು ತಿಂದು, "ಹೊಟ್ಟೆ ತುಂಬ್ತು," ಎಂದು ಕೈ ತೊಳೆದರು.

ಆಮೇಲೆ ಕುಂಬಳಕಾಯಿ. ನನ್ನ ಹತ್ತಿರ ಕಾರು ಕಲಿಯಲು ಬರುವ ತರಕಾರಿ ಅಂಗಡಿಯವನೊಬ್ಬನಿದ್ದ. ಕ್ಲಚ್ಚು ಬಿಡುವುದೆಂದರೆ ಅವನಿಗೆ ಬಾವಿಗೆ ಹಾರಿದಂತೆ. "ಸಾರ್, ನನ್ನನ್ನ ಬೈಯಬೇಡಿ, ದಿನಾ ಒಂದು ಕುಂಬಳಕಾಯಿ ತಂದ್ಕೊಡ್ತೀನಿ," ಎಂದು ತಾನಾಗಿಯೇ ಒಪ್ಪಂದಕ್ಕೆ ಬಂದ. ಇದಕ್ಕಿಂತ ಅಗ್ಗ ಇನ್ನೇನಿದೆ? ಬೈಯದೆ ಕಲಿಸಿದೆ. ಅವನು ಕಲಿಯಲಿಲ್ಲ. ಕುಂಬಳಕಾಯಿ ಬರುತ್ತಲೇ ಇತ್ತು.

ಕುಂಬಳಕಾಯಿ ಸೂಪು ಮಾಡಿದೆ. ಉಪ್ಪು ಒಂದು ಚೂರು ಹೆಚ್ಚಾಯಿತು. ನೀರು ಹಾಕಿದೆ; ತೆಳ್ಳಗಾಯಿತು. ಹಿಟ್ಟು ಕಲಸಿದೆ, ಗಂಟಾಯಿತು. ಗಂಟು ಕರಗಲಿ ಎಂದು ಮತ್ತೆ ನೀರು. ಪಾತ್ರೆ ಸಾಲದೆ ದೊಡ್ಡ ಪಾತ್ರೆಗೆ ವರ್ಗಾವಣೆ. ಈಗ ಸೂಪು ಸಪ್ಪೆ. ಉಪ್ಪು ಹಾಕಿದೆ. ಒಂದು ಚೂರು ಹೆಚ್ಚಾಯಿತು! ಹೀಗೆ ಒಬ್ಬ ಮಾವನಿಗೆಂದು ಹೊರಟ ಸೂಪು ಒಂದು ಸೈನ್ಯಕ್ಕೆ ಸಾಲುವಷ್ಟಾಗಿ ಬಕೆಟ್ಟಿನವರೆಗೆ ಬಂತು. ಕೆಳಗಿನ ಮನೆಯ ಟೈಲರಮ್ಮನಿಗೂ ಒಂದು ಪಾತ್ರೆ ಕೊಟ್ಟೆ. ಮರುದಿನ ಪಾತ್ರೆಯನ್ನು ಫಳಫಳ ತೊಳೆದು ತಂದುಕೊಟ್ಟರು. ಒಳಗಿದ್ದದ್ದು ಏನಾಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವರ ಕಿಟಕಿಯ ಕುಂಡದಲ್ಲಿದ್ದ ಗುಲಾಬಿ ಗಿಡ ಮಾತ್ರ ಆ ವಾರ ಬಾಡಿತು.

ಇಷ್ಟಾದರೂ, ಆ ಗುಂಡಿನ ಮಾತೊಂದು ಬಿಟ್ಟರೆ, ಮಾವ ಕೊಂಕು ನುಡಿಯಲಿಲ್ಲ. ತಟ್ಟೆಗೆ ಬಿದ್ದದ್ದನ್ನು ನೋಡುವರು, ಎರಡು ತುತ್ತು ನುಂಗುವರು, "ಹೊಟ್ಟೆ ತುಂಬ್ತು," ಎನ್ನುವರು. ಡಾಕ್ಟರು ತೂಕ ನೋಡಿ, "ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿನ ನಳಿಕೆಯಲ್ಲಿ ಆಹಾರ ಕೊಡಬೇಕಾಗುತ್ತೆ," ಎಂದರು. ಆ ದಿನ ಮನೆ ಮುಟ್ಟಿದಾಗ ಮಾವ ಮೊದಲು ಇಳಿದು ಗೋಡೆ ಹಿಡಿದು ಮುಂದೆ ಹೋದರು. ಹೆಂಡತಿ ಕಾರಿನಿಂದ ಇಳಿಯುವಾಗ ಅಂದಳು:

"ಅಮ್ಮನ್ನ ನೋಡ್ಕೊಳ್ಳೋಕೆ ಆಗಲಿಲ್ಲ. ಅಪ್ಪನ್ನೂ ಹೀಗೇ ಕಳ್ಕೋತೀನಿ ಅನ್ಸುತ್ತೆ ರೀ."

"ಸುಮ್ನಿರು. ನಾನಿದ್ದೀನಿ," ಎಂದೆ. ಅವಳಿಗೆ ಇದರಿಂದ ಧೈರ್ಯ ಬಂದಂತೆ ಕಾಣಲಿಲ್ಲ.

ಆಗ ನನ್ನ ತಲೆಯಲ್ಲಿ ಮಿಂಚೊಂದು ಹೊಡೆಯಿತು. ಮಾವನಿಗೆ ಬೇಡವಾಗಿರುವುದು ಹಸುವಿನ ಹಾಲು. ಹಸುವೇ ಇಲ್ಲದ ಹಾಲಾದರೆ? ಬದುಕೆಲ್ಲ ಹಾಲಿನಲ್ಲೇ ಮುಳುಗಿದ್ದ ಮನುಷ್ಯ. ಆ ಬಿಳುಪು ನೋಡಿದರೆ ಸಾಕು, ಜೀವ ಬರುತ್ತದೆ! ಮೊಬೈಲಿನ ಹುಡುಗಿಯೂ ಹಾಗೇ ಹೇಳಿದಳು: ಸೋಯಾಕಾಳು ನೆನೆಸಿ, ರುಬ್ಬಿ, ಸೋಸಿ, ಕಾಯಿಸಿ. ಅಗ್ಗ! ಸುಲಭ!

ಭಾನುವಾರ ಹೆಂಡತಿಗೆ ಬೆಳಗಿನ ಡ್ಯೂಟಿ. ಮಾವ ಬಾಲ್ಕನಿಯಲ್ಲಿ. ನಾನು ರಣರಂಗಕ್ಕಿಳಿದೆ. ಈ ಸಲ ಕಾಳು ನೆನೆಹಾಕಿದ್ದೆ, ನೋಡಿ! ಮಿಕ್ಸಿಗೆ ತುಂಬಿ ಗುಂಡಿ ಒತ್ತಿದೆ. ಮುಚ್ಚಳವನ್ನು ಮೇಲಿಟ್ಟಿದ್ದೆನೇ ಹೊರತು ಒತ್ತಿರಲಿಲ್ಲ. ಅದು ಹಾರಿತು. ಹಿಂದೆಯೇ ಸೋಯಾಕಾಳೂ ಹಾರಿತು. ಚಾವಣಿಗೆ ಹತ್ತಿದ್ದು ಹತ್ತಿತು, ಮಿಕ್ಕದ್ದು ನನ್ನ ಕನ್ನಡಕದ ಮೇಲೆ ಇಳಿಯಿತು. ಉಳಿದದ್ದನ್ನು ರುಬ್ಬಿ, ಸೋಸಲು ಬಟ್ಟೆ ಹುಡುಕಿದರೆ ಸಿಕ್ಕಿದ್ದು ಹೆಂಡತಿಯ ಹೊಸ ದಿಂಬಿನ ಕವರು. ತುಂಬಿ ಹಿಂಡಿದೆ. ಬರಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ. ಬಂತು, ಕೆಳಗಿನಿಂದಲ್ಲ, ಪಕ್ಕದ ಹೊಲಿಗೆಯಿಂದ! ಚಿಮ್ಮಿದ್ದು ಗೋಡೆಯ ಗಡಿಯಾರಕ್ಕೆ ತಾಗಿ, ಅದು ಮೂರು ಗಂಟೆಯಲ್ಲೇ ನಿಂತಿತು.

ಹೇಗೋ ಅರ್ಧ ಪಾತ್ರೆಯಷ್ಟು ಬಿಳಿ ದ್ರವ ಕೂಡಿತು. ಒಲೆಯ ಮೇಲಿಟ್ಟು, ಸಾಮ್ರಾಜ್ಯ ಗೆದ್ದವನಂತೆ ಸೊಂಟದ ಮೇಲೆ ಕೈ ಇಟ್ಟು ನಿಂತೆ. ಅಷ್ಟರಲ್ಲಿ ತರಕಾರಿ ಅಂಗಡಿಯವನ ಫೋನು.

"ಸಾರ್, ನಿಮಗೆ ಹೇಳದೆ ಒಬ್ಬನೇ ಕಾರು ತಗೊಂಡು ಬಂದು ರಸ್ತೆ ಮಧ್ಯ ನಿಂತಿದ್ದೀನಿ. ಹಿಂದೆ ಲಾರಿ ಹಾರ್ನ್ ಹೊಡೀತಿದೆ. ಏನ್ಮಾಡ್ಲಿ?"

"ಗಾಬರಿ ಬೀಳಬೇಡ. ಕ್ಲಚ್ ಒತ್ತು."

"ಒತ್ತಿದೆ ಸಾರ್, ವೈಪರ್ ಓಡ್ತಿದೆ."

ನಾನು ಸಿಗ್ನಲ್ ಹುಡುಕುತ್ತ ಮುಂಬಾಗಿಲಿನ ಹತ್ತಿರ ಹೋದೆ. ಅವನನ್ನು ಲಾರಿಯ ಬಾಯಿಯಿಂದ ಬಿಡಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಸೊಂಯ್ ಎಂದಿತು. ತಿರುಗಿ ನೋಡುತ್ತೇನೆ: ತಿಂಗಳುಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದ ಮಾವ ಬಾಲ್ಕನಿಯಿಂದ ನನ್ನ ಮುಂದೆಯೇ ಓಡಿಹೋದರು!

ನಾನು ಹೋಗಿ ನೋಡುವಾಗ ನೊರೆ ಪಾತ್ರೆ ದಾಟಿ, ಒಲೆ ದಾಟಿ, ಕಟ್ಟೆಯಿಂದ ನೆಲಕ್ಕೆ ಇಳಿಯುತ್ತಿತ್ತು. ಬೆಂಕಿ ಆರಿ ಗ್ಯಾಸಿನ ವಾಸನೆ. ಮಾವ ಗುಂಡಿ ತಿರುಗಿಸಿ, ಕಿಟಕಿ ತೆರೆದು, ಹೆಗಲ ಮೇಲಿನ ಟವೆಲಿನಿಂದ ಪಾತ್ರೆ ಹಿಡಿದು ಇಳಿಸಿದ್ದರು.

"ಹಾಲು ಕಾಯೋಕಿಟ್ಟು ಯಾರಾದ್ರೂ ಕಣ್ಣು ತೆಗೀತಾರೇನ್ರೀ?" ಎಂದು ಗುಡುಗಿದರು. ಈ ಮನೆಗೆ ಬಂದ ಮೇಲೆ ಅವರ ದನಿ ಏರಿದ್ದು ಅದೇ ಮೊದಲು.

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿತೇನೋ. ಸುಮ್ಮನಾಗಿ ಪಾತ್ರೆಯೊಳಗೆ ನೋಡುತ್ತ ನಿಂತರು.

ಬುದ್ಧಿಯಿದ್ದವನಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ನನ್ನೊಳಗಿನ ವಿಜಯಿ ವೀರ ಸುಮ್ಮನಿರಬೇಕಲ್ಲ! "ಮಾವ, ಇದು ಹಾಲಲ್ಲ. ಹಸು ಇಲ್ಲ, ಎಮ್ಮೆ ಇಲ್ಲ, ಬರೀ ಕಾಳು! ರುಚಿ ನೋಡಿ!" ಎಂದು ಬಟ್ಟಲಿಗೆ ಬಗ್ಗಿಸಿದೆ. ಬಿಸಿಯಿದೆ, ಬಾಯಿ ಸುಟ್ಟೀತು ಎಂದು ಚಮಚದಲ್ಲಿ ತುಂಬಿ, ಊದಿ, ಅವರ ತುಟಿಯ ಹತ್ತಿರ ಹಿಡಿದೆ.

ಮಾವ ಆ ಚಮಚವನ್ನು ನೋಡಿದರು. ಆ ಬಿಳಿ ರಾಡಿಯಲ್ಲೇ ನೆಲಕ್ಕೆ ಕೂತುಬಿಟ್ಟರು. ಆಮೇಲೆ ಬಂದ ಸದ್ದನ್ನು ನಾನು ಹೇಗೆ ವರ್ಣಿಸಲಿ? ಅಷ್ಟು ದೊಡ್ಡ ಮನುಷ್ಯರೊಳಗಿನಿಂದ ಅಷ್ಟು ಸಣ್ಣ ಅಳು.

ನನ್ನ ಕೈಯಲ್ಲಿ ಚಮಚ ಹಾಗೇ ಇತ್ತು. ಅದೇ ಹೊತ್ತಿಗೆ ಬಾಗಿಲು ತೆರೆದು ಹೆಂಡತಿ ಬಂದಳು. ಚಾವಣಿ ನೋಡಿದಳು, ಗೋಡೆ ನೋಡಿದಳು, ನೆಲದ ಮೇಲೆ ಕೂತ ಅಪ್ಪನನ್ನು ನೋಡಿದಳು.

"ಏನ್ಮಾಡಿದ್ರಿ ಅಪ್ಪನಿಗೆ?"

"ನಾನೇನೂ... ಸೋಯಾ..."

"ಅವರನ್ನ ಬೈಯಬೇಡ," ಎಂದರು ಮಾವ. ಮುಖ ಒರೆಸಿಕೊಳ್ಳಲಿಲ್ಲ. "ಅವರಿಗೇನು ಗೊತ್ತು. ನಾನು ಹೇಳಿದ್ರಲ್ವಾ ಗೊತ್ತಾಗೋದು?"

ಅವಳು ಚೀಲವನ್ನೂ ಇಳಿಸದೆ ಅವರ ಎದುರು ನೆಲದಲ್ಲಿ ಕೂತಳು. ಸಮವಸ್ತ್ರ ಒದ್ದೆಯಾಯಿತು. ಇಷ್ಟು ದಿನ ಕೇಳದೆ ಉಳಿದದ್ದನ್ನು ಕೇಳಿದಳು:

"ಅಪ್ಪಾ, ಅವತ್ತು ಅಮ್ಮ ಏನಾದ್ರೂ ಕುಡಿದಳಾ?"

"ಕುಡಿದಳು. ಕೊನೆಕೊನೆಗೆ ಹಾಲು ಬಿಟ್ಟು ಬೇರೇನೂ ಒಳಗೆ ಇಳೀತಿರಲಿಲ್ಲ. ಚಮಚದಲ್ಲಿ ಊದಿ ಊದಿ ಕೊಡ್ತಿದ್ದೆ. ಅವತ್ತೂ ಕೊಟ್ಟೆ. ಒಂದು ನುಂಗಿದಳು. ಇನ್ನೊಂದು ನುಂಗಿದಳು. ಆಮೇಲೆ ಕೊಟ್ಟಿದ್ದು..." ತಮ್ಮ ತುಟಿಯ ಅಂಚನ್ನು ಬೆರಳಿನಿಂದ ಮುಟ್ಟಿದರು. "ಇಲ್ಲಿಂದ ಹೊರಗೆ ಬಂತು. ಒರೆಸಿ ಮತ್ತೆ ಕೊಟ್ಟೆ. ಮತ್ತೆ ಬಂತು. ನಾನು ಪೆದ್ದ, ಕೊಡ್ತಾನೇ ಇದ್ದೆ. ಬಟ್ಟಲು ಖಾಲಿಯಾಗೋವರೆಗೂ ಕೊಡ್ತಾನೇ ಇದ್ದೆ."

ನಲ್ಲಿ ಯಾರೂ ಬಿಡಲಿಲ್ಲ. ನನ್ನ ಹೆಂಡತಿ ಎದುರಿಗೇ ಅತ್ತಳು.

"ಹುಟ್ಟಿದಾಗಿನಿಂದ ಕರೆಯೋದೇ ನನ್ನ ಕೆಲಸ," ಎಂದರು ಮಾವ. "ಅವತ್ತು ಅವಳನ್ನ ಎಷ್ಟು ಕರೆದೆ ಮಗಳೇ. ಓ ಅನ್ನಲಿಲ್ಲ."

"ನನ್ನ ಹೆಸರೇನಾದ್ರೂ..."

"ಮಾತೆಲ್ಲಿತ್ತು ಅವಳಿಗೆ? ಬೆಳಿಗ್ಗೆ ಒಂದೇ ಮಾತು. 'ಮಗು ಡ್ಯೂಟಿಗೆ ಹೋಯ್ತಾ, ಏನಾದ್ರೂ ತಿಂದಿತಾ' ಅಂದಳು. ತಿಂದಿದೆ ಅಂತ ಹೇಳ್ದೆ. ನನಗೇನು ಗೊತ್ತಿತ್ತು? ಹಾಗೇ ಹೇಳ್ದೆ."

"ತಿಂದಿದ್ದೆ ಅಪ್ಪಾ," ಎಂದಳು ಅವಳು. "ಅವತ್ತು ತಿಂದೇ ಹೋಗಿದ್ದೆ."

ನನಗೆ ಅಡುಗೆಮನೆಯ ಅಧಿಕಾರಿಯಾಗಿ ಅಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಬಟ್ಟೆ ತಂದು ನೆಲ ಒರೆಸತೊಡಗಿದೆ. ಅಪ್ಪ ಮಗಳು ಕೂತ ಜಾಗ ಬಿಟ್ಟು ಸುತ್ತಲೂ ಒರೆಸಿದೆ. ಅವರು ಅತ್ತೆಯ ಮಾತು ಆಡುತ್ತಿದ್ದರು: ಹಾಲಿಗೆ ಬರುವವರ ಜೊತೆ ಅತ್ತೆ ಜಗಳವಾಡುತ್ತಿದ್ದದ್ದು, ಅಳತೆಯ ಮೇಲೆ ಮಕ್ಕಳಿರುವ ಮನೆಗೆ ಒಂದು ಸೌಟು ಹೆಚ್ಚು ಸುರಿದು ಮಾವನಿಗೆ ಕಾಣದಂತೆ ಸೆರಗಿನಲ್ಲಿ ಮುಚ್ಚುತ್ತಿದ್ದದ್ದು. "ನನಗೆ ಕಾಣ್ತಿತ್ತು," ಎಂದರು ಮಾವ. "ಕಾಣದ ಹಾಗೆ ಇರ್ತಿದ್ದೆ."

ಮಾತು ತಾನಾಗಿ ನಿಂತಾಗ ಬಿಸಿಲು ಕಿಟಕಿಯಿಂದ ಇಳಿದಿತ್ತು. ಮಾವ ಕಟ್ಟೆ ಹಿಡಿದು ಎದ್ದರು. ಪಾತ್ರೆಯ ತಳದಲ್ಲಿ ಸೀದು ಕೂತಿದ್ದ ನನ್ನ ಹಸುವಿಲ್ಲದ ಹಾಲನ್ನು ಮೂಸಿದರು. ನನ್ನ ಮುಖ ನೋಡಿದರು. ಹೆಂಡತಿ ನನ್ನ ಸೊಂಟದಿಂದ ಏಪ್ರನ್ ಬಿಚ್ಚಿದಳು. ಯುದ್ಧದಲ್ಲಿ ಸೋತವನ ಖಡ್ಗ ಕಿತ್ತುಕೊಂಡಂತೆ.

"ಆಲೂಗಡ್ಡೆ ಇದೆಯಾ?" ಎಂದು ಕೇಳಿದರು ಮಾವ.

ಇತ್ತು. ಬೇಯಿಸಿದರು. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಎಣ್ಣೆಯಲ್ಲಿ ಕೆಂಪಗೆ ಹುರಿದು, ಒಂದು ಕಟ್ಟು ಸೊಪ್ಪು ಹಾಕಿ, ಬೆಂದ ಆಲೂಗಡ್ಡೆಯನ್ನು ಕೈಯಲ್ಲೇ ಪುಡಿಮಾಡಿ ಸೇರಿಸಿ, ಉಪ್ಪು, ಕಾಳುಮೆಣಸು ಉದುರಿಸಿದರು. ಅಷ್ಟೆ. ಮೊಬೈಲು ನೋಡಲಿಲ್ಲ, ಏನೂ ಹಾರಲಿಲ್ಲ, ಏನೂ ಉಕ್ಕಲಿಲ್ಲ.

"ಅಪ್ಪಾ, ನಿನಗೆ ಅಡುಗೆ ಬರುತ್ತಾ?" ಎಂದು ಮಗಳು ಬಾಯಿ ಬಿಟ್ಟಳು.

"ನಿಮ್ಮಮ್ಮ ಮಲಗಿದ ಮೇಲೆ ಮತ್ಯಾರು ಮಾಡ್ತಿದ್ರು? ಮಂಚದ ಮೇಲಿಂದ ಅವಳು ಹೇಳೋಳು, ಇಲ್ಲಿಂದ ನಾನು ಮಾಡೋನು."

ಮೂವರೂ ನೆಲದಲ್ಲೇ ಕೂತು ತಿಂದೆವು. ಮಾವ ಎರಡು ತುತ್ತಿಗೆ ನಿಲ್ಲಿಸಲಿಲ್ಲ. ತಟ್ಟೆ ಮುಗಿಸಿದರು. ಇನ್ನಷ್ಟು ಬಡಿಸಿಕೊಂಡರು. ನಡುನಡುವೆ ಕಣ್ಣಲ್ಲಿ ನೀರು ತುಂಬುತ್ತಿತ್ತು. ಒರೆಸಿಕೊಂಡು ಮತ್ತೆ ತುತ್ತು ಎತ್ತುತ್ತಿದ್ದರು. ನನ್ನ ಹೆಂಡತಿ ತನ್ನ ತಟ್ಟೆ ಮರೆತು ಅದನ್ನೇ ನೋಡುತ್ತಿದ್ದಳು. ನನ್ನ ಎದೆಯೂ ಉಬ್ಬಿತು. ಏನೇ ಆಗಲಿ, ನನ್ನ ಸೋಯಾ ಹಾಲಿನಿಂದ ತಾನೇ ಇಷ್ಟೆಲ್ಲ ಆದದ್ದು? ಮನಸ್ಸಿನ ಭಾರ ಇಳಿದದ್ದಕ್ಕೇ ಊಟ ಸೇರುತ್ತಿದೆ. ಅದನ್ನು ಇಳಿಸಿದವನು ಯಾರು? ಈಗ ಮಾವ ನನಗೊಂದು ಒಳ್ಳೆಯ ಮಾತು ಹೇಳಬಹುದೆಂದು ನೆಟ್ಟಗೆ ಕೂತೆ.

ತಟ್ಟೆ ತೆಗೆದುಕೊಂಡು ನಾನು ನಲ್ಲಿಯ ಕಡೆ ಹೋದಾಗ ಮಗಳು ಮೆಲ್ಲಗೆ ಕೇಳಿದಳು:

"ಅಪ್ಪಾ, ದುಃಖಕ್ಕೆ ನಿನಗೆ ಊಟ ಸೇರ್ತಿಲ್ಲ ಅಂತ ಹೆದರಿದ್ದೆ. ಈಗ ಸ್ವಲ್ಪ ಹಗುರ ಆಯ್ತಾ?"

ಬದುಕೆಲ್ಲ ಹಸುಗಳನ್ನು ಕೂಗಿ ಪಳಗಿದ ಗಂಟಲು ಮಾವನದು. ಗುಟ್ಟೆಂದು ಅವರು ಪಿಸುಗುಟ್ಟಿದರೆ ಕೆಳಗಿನ ಮನೆಯ ಟೈಲರಮ್ಮನಿಗೂ ಕೇಳಿಸುತ್ತದೆ.

"ದುಃಖ ಹಾಗೇ ಇದೆ ಮಗಳೇ, ಅದೆಲ್ಲಿ ಹೋಗುತ್ತೆ? ಇವತ್ತು ಅಳಿಯಂದ್ರ ಅಡುಗೆ ಇರಲಿಲ್ಲವಲ್ಲ, ಅದಕ್ಕೆ ಸೇರ್ತು."